‘ಅಪ್ಪನಿಗೆ’ ಎಂಬ ಫೋಲ್ಡರು

ನನ್ನ ಬಾಯಿ ಒಳ್ಳೆಯದಲ್ಲ. ಕೆಟ್ಟ ಹಾರ್ಡ್ ಡಿಸ್ಕುಗಳಿಂದ ಜನರ ಫೋಟೋ, ಕಾಗದಪತ್ರ ಹೊರತೆಗೆದು ಕೊಡುವುದು ನನ್ನ ಕಸುಬು. ಗಿರಾಕಿಗಳು ಎದುರಿಗೆ ನನ್ನನ್ನು ಡಿಸ್ಕ್ ಡಾಕ್ಟರಮ್ಮ ಎನ್ನುತ್ತಾರೆ, ಬೆನ್ನ ಹಿಂದೆ ಏನೆನ್ನುತ್ತಾರೆಂದು ನನಗೆ ಗೊತ್ತಿಲ್ಲದ್ದೇನಲ್ಲ. ಟಕಟಕ ಸದ್ದು ಬರುತ್ತಿದ್ದರೂ ಡಿಸ್ಕನ್ನು ಮತ್ತೆ ಮತ್ತೆ ಓಡಿಸಿ, ಅದರ ಪ್ರಾಣ ಹಿಂಡಿ, ಕೊನೆಗೆ ನನ್ನ ಮೇಜಿನ ಮೇಲೆ ತಂದಿಟ್ಟು ‘ಏನಾದ್ರೂ ಮಾಡಿ’ ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ದರ್ಜಿ ಬಂದ ದಿನವೂ ಹಾಗೇ ಆಯಿತು. ಅರವತ್ತು ದಾಟಿದ ಮನುಷ್ಯ. ಅಳತೆಯ ಟೇಪನ್ನು ಕೊರಳಿಂದ ತೆಗೆದಿಡಲು ಮರೆತು ಹಾಗೇ ಬಂದಿದ್ದರು. ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಹಿಡಿದು ತಂದು ಮೇಜಿನ ಮೇಲಿಟ್ಟರು.

“ಮಗಳದ್ದು,” ಎಂದರು. “ಅವಳು ಈಗಿಲ್ಲ. ಇದರಲ್ಲಿ ‘ಅಪ್ಪನಿಗೆ’ ಅಂತ ಒಂದು ಫೋಲ್ಡರ್ ಇದೆ. ತೆಗೆಯೋಕೆ ಹೋದ್ರೆ ಪಾಸ್‌ವರ್ಡ್ ಕೇಳುತ್ತೆ. ಈಗ ಎರಡು ವಾರದಿಂದ ಕಂಪ್ಯೂಟರೇ ಏಳ್ತಾ ಇಲ್ಲ.”

“ಸದ್ದು ಬರ್ತಿತ್ತಾ?”

“ಬರ್ತಿತ್ತು, ಗಡಿಯಾರದ ಥರ. ನನ್ನ ಕೈಗೆ ಬಂದಾಗಿಂದಲೂ ಬರ್ತಿತ್ತು. ಏಳು ತಿಂಗಳಾಯ್ತು.”

“ಏಳು ತಿಂಗಳು ಓಡಿಸಿದ್ರಾ? ದಿನಾ?”

ಅವರು ಚೀಲದಿಂದ ಅಳತೆ ಪುಸ್ತಕ ತೆಗೆದರು. ಮುಂದಿನ ಪುಟಗಳಲ್ಲಿ ಗಿರಾಕಿಗಳ ಎದೆ, ಸೊಂಟ, ತೋಳು. ಹಿಂದಿನಿಂದ ತಿರುಗಿಸಿದರೆ ಸಾಲಾಗಿ ಪದಗಳು, ದಿನಕ್ಕೊಂದು. ಹುಟ್ಟಿದ ದಿನ, ಶಾಲೆಯ ಹೆಸರು, ಸಾಕಿದ ಬೆಕ್ಕಿನ ಹೆಸರು. ಪ್ರತಿ ಪದದ ಮುಂದೆ ಮೂರು ತಪ್ಪು ಗುರುತು.

“ಮೂರು ಯಾಕೆ?” ಎಂದೆ.

“ಮೂರು ಸಲ ಅಳೀದೆ ನಾನು ಯಾವತ್ತೂ ಕತ್ತರಿ ಹಾಕಿದವನಲ್ಲಮ್ಮಾ. ಅವಸರದಲ್ಲಿ ತಪ್ಪು ಒತ್ತಿದ್ರೆ? ಅದಕ್ಕೇ ಒಂದು ಪದ ಹಾಕೋದು, ಆಗ್ಲಿಲ್ಲ ಅಂದ್ರೆ ಪೂರ್ತಿ ಆಫ್ ಮಾಡಿ ಆನ್ ಮಾಡೋದು, ಮತ್ತೆ ಅದೇ ಪದ. ಹೀಗೆ ಮೂರು ಸಲ.”

ನನ್ನ ಪಿತ್ತ ನೆತ್ತಿಗೇರಿತು. “ಬುದ್ಧಿ ಎಲ್ಲಿಟ್ಟಿದ್ರಿ ಯಜಮಾನ್ರೇ? ಇದರೊಳಗೆ ತಟ್ಟೆ ತಿರುಗುತ್ತೆ. ಅದರ ಮೇಲೆ ಒಂದು ಮುಳ್ಳು ತಾಗದ ಹಾಗೆ ಓಡಾಡ್ಬೇಕು. ಕೆಟ್ಟ ಮೇಲೆ ಅದು ತಾಗುತ್ತೆ, ತಾಗಿದಲ್ಲೆಲ್ಲ ಬರೆದದ್ದು ಕೆರೆದು ಹೋಗುತ್ತೆ. ನೀವು ದಿನಾ ಮೂರು ಮೂರು ಸಲ ನಿಮ್ಮ ಕೈಯಾರೆ ಕೆರೆಸಿದ್ದೀರಿ!”

“ಗೊತ್ತಿರ್ಲಿಲ್ಲಮ್ಮಾ,” ಎಂದು ಅವರು ಸ್ಟೂಲಿನ ಮೇಲೆ ಕುಸಿದರು.

ಆಮೇಲೆ ಹೇಳಿದರು. ಎರಡು ವರ್ಷದ ಹಿಂದೆ ಹೆಂಡತಿಗೆ ಹೊಟ್ಟೆಯ ಕಾಯಿಲೆ. ಮಗಳು ದೊಡ್ಡ ಆಸ್ಪತ್ರೆಗೆ ಸೇರಿಸೋಣ ಎಂದಳು. ಹೆಂಡತಿ ಮನೆಯಲ್ಲೇ ಇರುತ್ತೇನೆ ಎಂದು ಹಟ ಹಿಡಿದಳು. ಇವರು ಹೆಂಡತಿಯ ಮಾತು ಕೇಳಿದರು. ಅವಳು ತೀರಿಕೊಂಡ ದಿನ ಮಗಳು, “ನೀನೇ ಕೊಂದೆ,” ಎಂದು ಹೇಳಿ ಮನೆ ಬಿಟ್ಟು ಹೋದಳು. ಆಮೇಲೆ ಮಾತಿಲ್ಲ, ಫೋನಿಲ್ಲ. ಒಂದು ದಿನ ರಸ್ತೆ ದಾಟುವಾಗ ಲಾರಿ ಬಡಿದು ಅವಳೂ ಹೋದಳು. ಬಾಡಿಗೆ ಕೋಣೆಯ ಮಾಲೀಕಳು ಬಟ್ಟೆಯ ಗಂಟಿನ ಜೊತೆ ಈ ಲ್ಯಾಪ್‌ಟಾಪು ತಂದುಕೊಟ್ಟಳು.

“ಬೈದೇ ಬರೆದಿರ್ಲಿ, ಪರವಾಗಿಲ್ಲ,” ಎಂದರು. “ಆ ಸಿಟ್ಟು ಇಟ್ಟುಕೊಂಡೇ ಹೋದ್ಲಾ ಅಂತ ತಿಳಿದ್ರೆ ಸಾಕು.”

ಡಿಸ್ಕು ಬಿಚ್ಚಿದಾಗ ತಟ್ಟೆಯ ಮೇಲೆ ಉಗುರಿನಿಂದ ಗೀರಿದಂಥ ಬಳೆಯಾಕಾರದ ಗೆರೆಗಳು ಕಂಡವು. ಅದೇ ಮಾದರಿಯ ಇನ್ನೊಂದು ಡಿಸ್ಕು ಹುಡುಕಿ, ಅದರ ಮುಳ್ಳು ಬಿಚ್ಚಿ ಇದಕ್ಕೆ ಕೂರಿಸಿದೆ. ಚೂರು ಚೂರಾಗಿ ನಕಲು ಎತ್ತಲು ಹನ್ನೊಂದು ದಿನ ಹಿಡಿಯಿತು. ಏನು ಮಾಡಿದರೂ ಆ ನಕಲಿನ ಮೇಲೆಯೇ ಮಾಡಬೇಕು, ಮೂಲವನ್ನು ಮತ್ತೆ ಮುಟ್ಟಬಾರದು. ಬೀಗ ಹಾಕಿದ ಫೋಲ್ಡರು ಡಿಸ್ಕಿನಲ್ಲಿ ಒಂದೇ ಫೈಲಾಗಿ ಕೂತಿತ್ತು; ಮಗಳು ಹಾಕಿದ್ದ ಬೀಗದ ವಿವರ ಅದರ ತಲೆಯಲ್ಲಿ, ಎಂದರೆ ಆರಂಭದಲ್ಲಿತ್ತು, ಅದರದೇ ಒಂದು ಪ್ರತಿ ಕೊನೆಯ ಬಾಲದಲ್ಲಿತ್ತು. ತಲೆಯ ಭಾಗ ಎಂದೋ ಸತ್ತಿತ್ತು. ಅದು ಸತ್ತ ಮೇಲೆ ಸರಿಯಾದ ಪದವನ್ನೇ ಕೊಟ್ಟರೂ ಯಂತ್ರ ತಪ್ಪು ಎಂದೇ ಹೇಳುತ್ತದೆ. ಬಾಲ ಉಳಿದಿತ್ತು. ಅಳತೆ ಪುಸ್ತಕ ಎದುರಿಗಿಟ್ಟುಕೊಂಡು ಮೊದಲ ಸಾಲಿನಿಂದ ಒಂದೊಂದೇ ಪದ ಹಾಕುತ್ತ ಹೋದೆ. ಮೂರನೆಯದಕ್ಕೇ ಬೀಗ ತೆರೆಯಿತು.

ಒಳಗೆ ಹದಿನಾರು ಧ್ವನಿಮುದ್ರಣಗಳಿದ್ದವು, ವಾರಕ್ಕೊಂದರಂತೆ. ಹದಿನೈದರಲ್ಲಿ ಬರೀ ಗೊರಗೊರ. ಒಂದು ಮಾತ್ರ, ನಾಲ್ಕು ಮಾತಿನಷ್ಟು, ಉಳಿದಿತ್ತು. ಕೇಳಿ ಮುಗಿಸಿ, ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ.

ಮರುದಿನ ದರ್ಜಿಯನ್ನು ಕೂರಿಸಿ, ಹದಿನಾರರಲ್ಲಿ ಒಂದೇ ಉಳಿದಿದೆ ಎಂದು ಹೇಳಿ, ಅದನ್ನು ಹಾಕಿದೆ.

“ಅಪ್ಪಾ, ಇವತ್ತು ನಿನ್ನ ಅಂಗಡಿ ಎದುರಿನ ಬಸ್ ಸ್ಟಾಪಲ್ಲಿ ಮುಕ್ಕಾಲು ಗಂಟೆ ನಿಂತಿದ್ದೆ. ನೀನು ಬಾಗಿಲಿಗೆ ಬಂದು ಬೆಳಕಿಗೆ ಹಿಡಿದು ಸೂಜಿಗೆ ದಾರ ಹಾಕ್ತಿದ್ದೆ. ಆಗ್ತಾನೇ ಇರ್ಲಿಲ್ಲ ನಿಂಗೆ. ಓಡಿಬಂದು ಹಾಕಿಕೊಡೋಣ ಅನ್ನಿಸ್ತು. ಅವತ್ತು ಅಂದಿದ್ದನ್ನ ಹೇಗೆ ವಾಪಸ್ ತಗೊಳ್ಳೋದು ಅಂತ ಗೊತ್ತಾಗ್ತಿಲ್ಲ ಅಪ್ಪಾ. ಅಮ್ಮನ್ನ ನೀನು ಎಷ್ಟು ನೋಡ್ಕೊಂಡೆ ಅಂತ ನಂಗೆ ಗೊತ್ತು. ಮುಂದಿನ ವಾರ…”

ಅಷ್ಟೇ. ಅವರು ಟೇಪಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಅತ್ತರು. ಎಷ್ಟೋ ಹೊತ್ತಿನ ಮೇಲೆ ಕೇಳಿದರು:

“ಪದ ಯಾವುದಿತ್ತಮ್ಮಾ?”

ನನ್ನ ಬಾಯಿಗೆ ತಡೆ ಎಲ್ಲಿದೆ? “ಚಿಕ್ಕಗುಂಡಿ,” ಎಂದುಬಿಟ್ಟೆ.

“ನಾನೇ ಅವಳನ್ನ ಹಾಗೆ ಕರೀತಿದ್ದೆ,” ಎಂದರು. “ಮೆಷಿನ್ ಕೆಳಗೆ ಕೂತು ಬಿದ್ದ ಗುಂಡಿ ಎಲ್ಲಾ ಆರಿಸ್ತಿದ್ಲು.” ಆಮೇಲೆ ಪುಸ್ತಕ ತೆರೆದರು. ಬೆರಳು ಮೂರನೇ ಸಾಲಿನ ಮೇಲೆ ನಿಂತಿತು. “ಮೂರನೇ ದಿನವೇ ಹಾಕಿದ್ದೀನಿ. ಅವತ್ತೇ ನಿಮ್ಮ ಹತ್ರ ತಂದಿದ್ರೆ ಹದಿನಾರೂ ಸಿಗ್ತಿತ್ತು, ಅಲ್ವಾ?”

“ಹಾಗೇನಿಲ್ಲ. ಅವೆಲ್ಲ ಮೊದಲೇ ಹಾಳಾಗಿದ್ವು.” ಗಿರಾಕಿಗೆ ನಾನು ಹೇಳಿದ ಮೊದಲ ಸುಳ್ಳು ಅದು. ಅವರು ನಂಬಲಿಲ್ಲ, ಪುಸ್ತಕ ಮುಚ್ಚಿದರು.

“ಇನ್ನೊಂದ್ಸಲ ಹಾಕ್ತೀನಿ, ಕೇಳಿ,” ಎಂದು ಕೈ ಚಾಚಿದೆ. ಅವರು ಗಬಕ್ಕನೆ ನನ್ನ ಮಣಿಕಟ್ಟು ಹಿಡಿದರು.

“ಬೇಡ! ಕೆರೆದು ಹೋಗುತ್ತೆ.”

“ಇದು ನಕಲು ಯಜಮಾನ್ರೇ. ಸಾವಿರ ಸಲ ಕೇಳಿದ್ರೂ ಏನೂ ಆಗಲ್ಲ.”

“ಇರ್ಲಿ ಬಿಡಿ. ಒಂದೇ ಉಳಿದಿರೋದು.”

ಐದು ಪ್ರತಿ ಮಾಡಿಕೊಟ್ಟೆ, ಬಿಡಿಸಿ ಬಿಡಿಸಿ ಹೇಳಿದೆ. ತಲೆಯಾಡಿಸಿ ಹೋದರು.

ಎರಡು ತಿಂಗಳು ತಡೆದೆ. ಆಮೇಲೆ ಹರಿಯದ ಪರದೆಯೊಂದನ್ನು ನಾನೇ ಹರಿದು, ಹೊಲಿಸುವ ನೆಪ ಮಾಡಿಕೊಂಡು ಅವರ ಅಂಗಡಿಗೆ ಹೋದೆ.

“ಕೇಳ್ತಿದ್ದೀರಾ?” ಎಂದೆ.

“ಇಲ್ಲಮ್ಮಾ. ಜೋಪಾನವಾಗಿ ಇಟ್ಟಿದ್ದೀನಿ.”

ಮೊದಲ ದಿನ ‘ಕೆರೆಸಿದ್ದೀರಿ’ ಎನ್ನಲು ನನ್ನ ನಾಲಿಗೆ ಯಾಕಾದರೂ ಅಷ್ಟು ಉದ್ದವಾಯಿತೋ! ಫೋನು ಹೊರತೆಗೆದೆ. “ನನ್ನ ಹತ್ರಾನೂ ಒಂದಿದೆ. ನಿಮ್ಮದನ್ನ ಮುಟ್ಟೋದೇ ಬೇಡ. ನಾನೇ ಒತ್ತುತೀನಿ, ನೀವು ಕೇಳಿ.”

ಅವರು ಮೆಷಿನ್ನು ನಿಲ್ಲಿಸಿ, ಫೋನಿನ ಮೇಲೆ ತಮ್ಮ ಅಂಗೈ ಮುಚ್ಚಿದರು.

“ಬೇಡಮ್ಮಾ. ನೀವು ಕೇಳಿದ್ದೀರಲ್ಲ, ನಿಮಗೆ ಬಾಯಿಪಾಠ ಆಗಿರುತ್ತೆ. ಅವಳು ಏನಂದ್ಲು ಅಂತ ನೀವೇ ಒಂದ್ಸಲ ಹೇಳಿ.”

ನಾನು ಬಟ್ಟೆಯ ರಾಶಿ ಸರಿಸಿ ಬೆಂಚಿನ ಮೇಲೆ ಕೂತೆ. “ಅಪ್ಪಾ, ಇವತ್ತು ನಿನ್ನ ಅಂಗಡಿ ಎದುರಿನ ಬಸ್ ಸ್ಟಾಪಲ್ಲಿ…” ಎಂದು ಶುರುಮಾಡಿದೆ. ಒಂದು ಅಕ್ಷರ ಬಿಡದೆ, ಅವಳು ತಡೆದಲ್ಲಿ ತಡೆದು, ‘ಮುಂದಿನ ವಾರ’ದವರೆಗೂ ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿದರು.

“ಇನ್ನೊಂದ್ಸಲ,” ಎಂದರು.