ನಾಲ್ಕು ನಿಮಿಷದ ಮುನ್ನಡೆ

ಎದುರಾಳಿಗಳ ಮೂರನೆಯ ಗೋಲು ಬಿದ್ದಾಗ ಪೇಂಟರ್ ಆಟ ನೋಡುತ್ತಿರಲಿಲ್ಲ. ಅಂಕಿ ಬೋರ್ಡಿನ ಹಿಂದಿನ ಹಲಗೆ ಅಟ್ಟದ ಮೇಲೆ ನಿಂತು, ಬೋರ್ಡಿನ ನಡುವಿನ ಕಿಂಡಿಗೆ ಕಣ್ಣಿಟ್ಟು, ಅವನು ಮೈದಾನದಾಚೆ ಹಸಿರು ತಂಡದವರು ಕೂರುವ ಮೆಟ್ಟಿಲುಗಳನ್ನು ನೋಡುತ್ತಿದ್ದ. ಕೆಳಗಿನಿಂದ ಆರನೆಯ ಮೆಟ್ಟಿಲು, ಕಂಬದ ಪಕ್ಕ. ಅಲ್ಲಿ ಅವನ ಮಗಳು ಕೂತಿದ್ದಳು. ಅವಳ ಪಕ್ಕದಲ್ಲಿ ಅಳಿಯ. ಹಸಿರು ಮಫ್ಲರೊಂದರ ಅರ್ಧ ಅಳಿಯನ ಕೊರಳಲ್ಲಿತ್ತು, ಇನ್ನರ್ಧ ಮಗಳ ಹೆಗಲ ಮೇಲಿತ್ತು. ಚಳಿಯೇನೂ ಇರಲಿಲ್ಲ.

ಚೆಂಡು ಬಲೆಗೆ ಹೋಯಿತು. ಹಸಿರು ಮೆಟ್ಟಿಲಿನವರೆಲ್ಲ ಒಟ್ಟಿಗೆ ಎದ್ದರು. ಮಗಳೂ ಎದ್ದಳು.

ಅದುವರೆಗೆ ಬೋರ್ಡು ಸರಿಯಾಗಿಯೇ ಇತ್ತು: ಕೆಂಪು ಒಂದು, ಹಸಿರು ಎರಡು. ಪೇಂಟರ್ ಮೂರರ ಹಲಗೆ ಎತ್ತಿ ಕೊಕ್ಕೆಗೆ ತಗುಲಿಸಿದ. ಇಪ್ಪತ್ತೆರಡು ವರ್ಷ ಮಾಡಿದ ಕೆಲಸ, ಕೈಗೆ ಕಣ್ಣಿನ ಸಹಾಯ ಬೇಕಿರಲಿಲ್ಲ. ತಗುಲಿಸಿ ಮತ್ತೆ ಕಿಂಡಿಗೆ ಬಂದ. ಆಚೆ ಎಲ್ಲರೂ ಕೂತಾಗಿತ್ತು. ಮಗಳು ಮಾತ್ರ ಇನ್ನೂ ನಿಂತಿದ್ದಳು. ಎರಡೂ ಕೈ ತಲೆಯ ಮೇಲೆತ್ತಿ ಆಡಿಸುತ್ತಿದ್ದಳು. ಕುಣಿಯುತ್ತಿದ್ದಾಳೆ ಎಂದುಕೊಂಡ ಪೇಂಟರ್. ಅಷ್ಟರಲ್ಲಿ ಅಳಿಯ ಮಫ್ಲರ್ ಬಿಚ್ಚಿ ಅವಳ ಕೈಗೆ ಕೊಟ್ಟ, ಅವಳು ಅದನ್ನೂ ಬೀಸತೊಡಗಿದಳು. ಪೇಂಟರ್ ಕಿಂಡಿಗೆ ಬೆನ್ನು ಹಾಕಿ ಬಣ್ಣದ ಡಬ್ಬದ ಮೇಲೆ ಕೂತುಬಿಟ್ಟ.

ಕೂತವನಿಗೆ ಈಚೆ ಮೆಟ್ಟಿಲುಗಳಿಂದ, ಅಂದರೆ ಅವನದೇ ಕೆಂಪು ತಂಡದವರ ಕಡೆಯಿಂದ, ದೊಡ್ಡ ಕೇಕೆ ಕೇಳಿಸಿತು. ಗೋಲು ತಿಂದವರಿಗೆ ಕೇಕೆ ಯಾಕೆ ಬಂತೋ ತಿಳಿಯಲಿಲ್ಲ. ಸಂಘದ ಕಾರ್ಯದರ್ಶಿ ಏದುಸಿರು ಬಿಡುತ್ತ ಏಣಿ ಹತ್ತಿ ಬಂದು ಹೇಳಿದಾಗಲೇ ಗೊತ್ತಾದದ್ದು: ಹಸಿರಿನವರ ಮೂರನ್ನು ಅವನು ಕೆಂಪಿನವರ ಕೊಕ್ಕೆಗೆ ಹಾಕಿದ್ದ. ಪೂರ್ತಿ ನಾಲ್ಕು ನಿಮಿಷ ಬೋರ್ಡು ಕೆಂಪು ಮೂರು, ಹಸಿರು ಎರಡು ಎಂದು ಊರಿಗೆಲ್ಲ ಸಾರುತ್ತಿತ್ತು.

ಹೊಳೆಯ ಈಚೆ ದಡದವರದು ಕೆಂಪು ತಂಡ, ಆಚೆ ದಡದವರದು ಹಸಿರು. ಇದು ಕೆಂಪಿನವರಿಗೆ ಹಸಿರಿನವರ ಕೈಯಲ್ಲಿ ಸತತ ಒಂಬತ್ತನೆಯ ಸೋಲು. ಮಾರನೆಯ ಬೆಳಿಗ್ಗೆ ಕಟಿಂಗ್ ಶಾಪಿನಲ್ಲಿ ಕೂತವರನ್ನು ನೋಡಿದ ಯಾರಾದರೂ ಇವರು ಗೆದ್ದು ಬಂದವರೆಂದೇ ತಿಳಿಯಬೇಕು. ಮೊದಲ ಅರ್ಧ ಗಂಟೆ ಆಚೆಯವರಿಗೆ ಚೆಂಡು ಮುಟ್ಟಲೂ ಆಗಲಿಲ್ಲ ಎಂದ ಬ್ರೆಡ್ ವ್ಯಾನಿನ ಡ್ರೈವರ್. ಅವರ ಗೋಲ್‌ಕೀಪರನಿಗೆ ವಯಸ್ಸಾಗುತ್ತಿದೆ, ಮೊಣಕಾಲಿಗೆ ಪಟ್ಟಿ ಕಟ್ಟಿದ್ದನ್ನು ಕಣ್ಣಾರೆ ಕಂಡೆ ಎಂದ ಕಾರ್ಯದರ್ಶಿ. ಗಾಯವಾಗಿ ಕೂತಿರುವ ನಮ್ಮ ಎಡಗಾಲಲ್ಲಿ ಹೊಡೆಯುವ ಆಟಗಾರ ಇನ್ನು ಹತ್ತು ದಿನದಲ್ಲಿ ಓಡಾಡುತ್ತಾನೆ. ಮುಂದಿನ ತಿಂಗಳು ಆಚೆ ದಡದಲ್ಲಿ ಮರುಪಂದ್ಯ. ಲೆಕ್ಕ ಹಾಕಿ ನೋಡಿದರೆ ಹಸಿರಿನವರು ಅದಕ್ಕೆ ಇಳಿಯುವುದೇ ದಂಡ.

ಪೇಂಟರ್ ಒಳಗೆ ಬಂದಾಗ ಡ್ರೈವರ್ ಎದ್ದು ಜಾಗ ಬಿಟ್ಟುಕೊಟ್ಟ. ಗಲ್ಲಕ್ಕೆ ಸೋಪಿನ ನೊರೆ ಹಚ್ಚಿಸಿಕೊಂಡಿದ್ದ ಕಾರ್ಯದರ್ಶಿ ಕನ್ನಡಿಯಲ್ಲೇ ನಕ್ಕ. ನಿನ್ನೆ ಏಣಿಯ ಮೇಲೆ ಬೈದವನು ಇವನೇ. ಆಚೆಯವರು ದೂರು ಕೊಡುತ್ತಾರಂತೆ, ಕೊಟ್ಟುಕೊಳ್ಳಲಿ ಬಿಡು ಎಂದ. ಕಟಿಂಗ್ ಶಾಪಿನವನು ಕತ್ತಿ ಒರೆಸುತ್ತ ಎಲ್ಲರ ಪರವಾಗಿ ತೀರ್ಪು ಕೊಟ್ಟ.

"ನೀನು ಹಾಕಿದ್ದು ತಪ್ಪಲ್ಲ ಮಾರಾಯ. ಮುಂದಿನ ತಿಂಗಳದ್ದನ್ನ ಈ ತಿಂಗಳೇ ಹಾಕಿದೀಯ, ಅಷ್ಟೆ."

ಎಲ್ಲರೂ ಅವನ ಬೆನ್ನು ತಟ್ಟಿದರು. ತಂಡದ ಮೇಲಿನ ಪ್ರೀತಿ ತಡೆಯಲಾರದೆ ಬೇಕಂತಲೇ ಹಾಗೆ ಮಾಡಿದ ಎಂದು ಅವರೆಲ್ಲ ನಂಬಿದ್ದರು. ಪೇಂಟರ್ ಇಲ್ಲ ಎನ್ನಲಿಲ್ಲ. ಒಂಬತ್ತು ಸೋಲನ್ನು ನಗುನಗುತ್ತ ನುಂಗಿದ ಇವರೆದುರು, ತನಗೆ ಸೋತದ್ದರ ನೋವಲ್ಲ, ಆರನೆಯ ಮೆಟ್ಟಿಲಿನ ಹೊಟ್ಟೆಕಿಚ್ಚು ಎಂದು ಹೇಗೆ ಹೇಳುವುದು?

ಬೋರ್ಡಿನ ಹಿಂದೆ ನಿಂತವನಿಗೆ ಮೈದಾನ ಪೂರ್ತಿ ಕಾಣುವುದಿಲ್ಲ. ಕಿಂಡಿ ಅಂಗೈಯಷ್ಟು ಅಗಲ. ಹಿಂದಿನಿಂದ ನೋಡಿದರೆ ಬೋರ್ಡಿನ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಅದಕ್ಕೇ ಮಗಳು ಆರು ವರ್ಷದವಳಿದ್ದಾಗಿನಿಂದ ಬೋರ್ಡಿನ ಮುಂದಿನ ಮೋಟುಗೋಡೆಯ ಮೇಲೆ ಕೂರುತ್ತಿದ್ದಳು. ನಮ್ಮವರು ಗೋಲು ಹೊಡೆದರೆ ಎಡಗೈ, ಬಂದವರು ಹೊಡೆದರೆ ಬಲಗೈ. ಅಂಕಿ ತಪ್ಪಾದರೆ ಅದಕ್ಕೊಂದು ಬೇರೆ ಸನ್ನೆ, ಅದು ಬೇಕಾದದ್ದೇ ಕಡಿಮೆ. ಸನ್ನೆಗಳನ್ನೆಲ್ಲ ಪೇಂಟರನೇ ಕಲಿಸಿದ್ದ. ಊರಿನವರು ಅವಳನ್ನು ಅಂಕಿ ಎಂದೇ ಕರೆಯುತ್ತಿದ್ದರು. ಸೋತ ದಿನ ಇಬ್ಬರೂ ಹಲಗೆಗಳನ್ನು ಒರೆಸುತ್ತ, ಮುಂದಿನ ಸಲ ಯಾರನ್ನು ಎಲ್ಲಿ ಆಡಿಸಬೇಕು ಎಂದು ಜಗಳವಾಡಿ, ಮನೆ ತಲುಪುವ ಹೊತ್ತಿಗೆ ಗೆದ್ದೇಬಿಟ್ಟಿರುತ್ತಿದ್ದರು. ಎರಡು ವರ್ಷದ ಹಿಂದೆ ಅವಳು ಮದುವೆಯಾಗಿ ಹೊಳೆ ದಾಟಿದಳು. ಆಮೇಲೆ ಗೋಡೆ ಖಾಲಿ.

ಅಳಿಯ ಗಡಿಯಾರ ರಿಪೇರಿಯವನು. ಕುಡಿಯುವವನಲ್ಲ, ದನಿ ಎತ್ತುವವನಲ್ಲ, ಹೆಂಡತಿಯ ಮಾತು ಮುಗಿಯುವ ತನಕ ಕಾಯುವವನು. ಬೈಯೋಣವೆಂದರೆ ಒಂದು ಕಾರಣವಾದರೂ ಬೇಡವೇ? ಪೇಂಟರ್ ಎರಡು ವರ್ಷದಿಂದ ಹುಡುಕುತ್ತಿದ್ದ, ಸಿಕ್ಕಿರಲಿಲ್ಲ. ಕೊನೆಗೆ ಅಳಿಯನನ್ನು ಬಹುವಚನದಲ್ಲಿ ಮಾತಾಡಿಸಿ ದೂರ ಇಟ್ಟಿದ್ದ. ಪೇಂಟರನ ಹೆಂಡತಿ ಮಾತ್ರ ಮೊದಲ ದಿನದಿಂದಲೇ 'ಬಾರಪ್ಪ, ಕೂತ್ಕೋ' ಎನ್ನುತ್ತಿದ್ದಳು.

ಅದೇ ಮಧ್ಯಾಹ್ನ ಇಬ್ಬರೂ ಬಂದರು. ಅಳಿಯ ಚಪ್ಪಲಿ ಬಿಡುತ್ತಲೇ ಗೋಡೆಯ ಕಡೆ ನೋಡಿದ. ಅಲ್ಲಿನ ಗಡಿಯಾರ ಮೂರು ತಿಂಗಳಿಂದ ಹತ್ತೂ ಇಪ್ಪತ್ತಕ್ಕೆ ನಿಂತಿತ್ತು. ಅದನ್ನು ಇಳಿಸಿ, ಬೆನ್ನು ಬಿಚ್ಚಿ, ಊದಿ, ಏನೋ ತಿರುವಿದ. ಚಹಾ ಬರುವಷ್ಟರಲ್ಲಿ ಅದು ಓಡುತ್ತಿತ್ತು. ಪೇಂಟರನ ಹೆಂಡತಿಯ ಮುಖ ಅರಳಿತು. ನೀವೂ ಇದ್ದೀರಿ, ದಿನಾ ಅದನ್ನ ನೋಡ್ಕೊಂಡು ಊಟ ಮಾಡ್ತಿದ್ರಿ ಎಂದು ಗಂಡನಿಗೊಂದು ಬಿಟ್ಟಳು. ಪೇಂಟರ್ ಚಹಾ ಆರಿಸುವುದರಲ್ಲಿ ಮಗ್ನನಾದ.

"ಮಾವ, ನಿಮ್ಮ ಎಡಗಾಲಿನವನು ಇದ್ದಿದ್ರೆ ನಿನ್ನೆ ಆಟಾನೇ ಬೇರೆ ಇರ್ತಿತ್ತು" ಎಂದ ಅಳಿಯ. "ಮುಂದಿನ ಸಲ ನಿಮ್ಮವರದ್ದೇ."

ಇದೇ ಮಾತನ್ನು ಪೇಂಟರ್ ಬೆಳಿಗ್ಗೆ ಕಟಿಂಗ್ ಶಾಪಿನಲ್ಲಿ ನಾಲ್ಕು ಸಲ ಆಡಿದ್ದ. ಆಗ ಅದು ಬೆಲ್ಲದಂತಿತ್ತು. ಗೆದ್ದವನ ಬಾಯಲ್ಲಿ ಕೇಳಿದಾಗ ಮೈಯೆಲ್ಲ ಉರಿಯಿತು. ಸೋತವರಿಗೆ ಉಳಿದಿರುವುದು ಭರವಸೆಯೊಂದೇ. ಅದನ್ನೂ ಇವನೇ ಕೊಡಬೇಕೇ?

"ನಿಮ್ಮ ದೊಡ್ಡ ಮನಸ್ಸು" ಎಂದು ಹೇಳಿ, ಅರ್ಧ ಚಹಾ ಬಿಟ್ಟು, ಹಿತ್ತಲಿನ ಶೆಡ್ಡಿಗೆ ನಡೆದ.

ಶೆಡ್ಡಿನಲ್ಲಿ ಹಲ್ಲಿನ ಡಾಕ್ಟರೊಬ್ಬರ ಬೋರ್ಡು ಅರ್ಧಕ್ಕೆ ನಿಂತಿತ್ತು. ಕುಂಚ ಅದ್ದಿ ಒಂದು ಅಕ್ಷರದ ಬೆನ್ನು ತಿದ್ದುತ್ತಿದ್ದಾಗ ಅವನು ಬಿಟ್ಟು ಬಂದ ಚಹಾದ ಲೋಟ ಹಿಡಿದು ಮಗಳು ಬಂದಳು. ಲೋಟವನ್ನು ಕಿಟಕಿಯ ಮೇಲಿಟ್ಟು, ಡಬ್ಬಗಳ ಮುಚ್ಚಳಗಳನ್ನು ಒಂದೊಂದಾಗಿ ಒತ್ತಿ ಬಿಗಿ ಮಾಡಿದಳು. ಚಿಕ್ಕಂದಿನಿಂದ ಅವಳಿಗೆ ಅದೇ ಅಭ್ಯಾಸ. ಆಮೇಲೆ ಬಂದ ಕೆಲಸ ಹೇಳಿದಳು. ಆಚೆ ಮೈದಾನದ ಬೋರ್ಡು ನೋಡಿಕೊಳ್ಳುತ್ತಿದ್ದ ಮುದುಕರು ಕೆಲಸ ಬಿಟ್ಟಿದ್ದಾರೆ. ಅಂಕಿಗಳ ಹಲಗೆಗೆಲ್ಲ ಗೆದ್ದಲು ಹಿಡಿದಿದೆ. ಅಲ್ಲಿನ ಸಂಘದವರು ಬೋರ್ಡಿಗೆ ನಿಲ್ಲುತ್ತೀಯಾ ಎಂದು ಅವಳನ್ನೇ ಕೇಳಿದ್ದಾರೆ, ಅವಳು ಒಪ್ಪಿದ್ದಾಳೆ. ಮರುಪಂದ್ಯದ ಹೊತ್ತಿಗೆ ಹೊಸ ಅಂಕಿ ಬೇಕು.

ಪೇಂಟರ್‌ನ ಕುಂಚ ನಿಂತಿತು. "ಆಚೆ ದಡದಲ್ಲಿ ಪೇಂಟರ್ ಇಲ್ವಾ?"

"ಇದಾರೆ. ಅವರು ಬರೆಯೋ ಮೂರು ಎಂಟಿನ ಥರ ಕಾಣುತ್ತೆ."

ಬೇರೆ ದಿನವಾಗಿದ್ದರೆ ಅವನು ನಕ್ಕುಬಿಡುತ್ತಿದ್ದ. "ಮುಂದೆ ಸನ್ನೆ ಮಾಡೋಕೆ ಯಾರು ಕೂರ್ತಾರೆ?"

"ಇವರೇ. ಹೇಳಿಕೊಟ್ಟಿದೀನಿ."

ಅಂದರೆ ಅವಳು ಕೂತ ಜಾಗದಲ್ಲಿ ಅವನು. ಮನೆಯಲ್ಲಿ ಅವನು, ಮೆಟ್ಟಿಲಿನಲ್ಲಿ ಅವನು, ಗಡಿಯಾರದಲ್ಲಿ ಅವನು, ಈಗ ಮೋಟುಗೋಡೆಯ ಮೇಲೂ ಅವನೇ. ಅಪ್ಪ ಮಗಳ ನಡುವೆ ಉಳಿದಿದ್ದ ಕೈಸನ್ನೆಗಳನ್ನೂ ಅವನಿಗೆ ಕಲಿಸಿ ಆಯಿತು. ಎರಡು ವರ್ಷದಿಂದ ಒಳಗೆ ಹೊಗೆಯಾಡುತ್ತಿದ್ದದ್ದು ಈಗ ಬಾಯಿಗೆ ಬಂತು.

"ನಿನ್ನೆ ನೀನು ಎದ್ದು ನಿಂತೆ. ನಾನು ನೋಡ್ದೆ."

ಮಗಳು ತಲೆ ತಗ್ಗಿಸಲಿಲ್ಲ. "ಎದ್ದೆ. ಒಳ್ಳೆ ಗೋಲಪ್ಪ ಅದು. ಸುಳ್ಳು ಯಾಕೆ ಹೇಳ್ಲಿ."

"ಕುಣಿದೆ ಕೂಡ. ಎಲ್ಲರೂ ಕೂತ್ಮೇಲೂ ಕುಣಿದೆ. ಮಫ್ಲರ್ ಬೀಸ್ಕೊಂಡು."

ಅವಳು ಶೆಡ್ಡಿನ ನಡುವೆ ನಿಂತು ಎರಡೂ ಕೈಗಳನ್ನು ತಲೆಯ ಮೇಲೆತ್ತಿದಳು. ಎತ್ತಿ, ಒಂದರ ಮೇಲೊಂದು ಅಡ್ಡ ಹಾಕಿದಳು, ಬಿಡಿಸಿದಳು, ಮತ್ತೆ ಅಡ್ಡ ಹಾಕಿದಳು.

ತಪ್ಪಾಗಿದೆ, ತೆಗಿ. ಅವಳಿಗೆ ಆರು ವರ್ಷವಿದ್ದಾಗ ಇದೇ ಶೆಡ್ಡಿನಲ್ಲಿ ಅವಳ ಪುಟ್ಟ ಮೊಣಕೈಗಳನ್ನು ಹಿಡಿದು ಅವನೇ ಕಲಿಸಿದ ಸನ್ನೆ.

"ನೀನು ಮೂರನ್ನ ಆ ಕಡೆ ಹಾಕಿದ ತಕ್ಷಣ ನೋಡ್ದೆ" ಎಂದಳು. "ಹಿಂದಿನವರೆಲ್ಲ ಕೂತ್ಕೊಳಮ್ಮ ಅಂತ ಬೈದ್ರು. ಅಪ್ಪನಿಗೆ ಕಾಣ್ತಿಲ್ಲ ಅಂದೆ. ಮಫ್ಲರ್ ಬೀಸಿದ್ರೆ ಕಾಣಬಹುದು ಅಂತ ಇವರು ಬಿಚ್ಚಿ ಕೊಟ್ರು."

ಕುಂಚದ ತುದಿಯಿಂದ ನೀಲಿ ಬಣ್ಣ ಪೇಂಟರನ ಪಾದದ ಮೇಲೆ ಬಿತ್ತು.

"ನೀನು ನೋಡ್ತಾ ಇದ್ದೆ ಅಂತ ಗೊತ್ತಿತ್ತು. ನೀನು ನಿಂತಾಗ ಕಿಂಡಿ ಕಪ್ಪಗಿರುತ್ತೆ, ಇಲ್ದೆ ಹೋದ್ರೆ ಹಿಂದಿನ ಆಕಾಶ ಕಾಣುತ್ತೆ. ಚಿಕ್ಕೋಳಿದ್ದಾಗ ಗೋಡೆ ಮೇಲಿಂದ ತಿರುಗಿ ತಿರುಗಿ ಅದನ್ನೇ ನೋಡ್ತಿದ್ದೆ." ಅವಳು ಕೈ ಇಳಿಸಿದಳು. "ನಿನ್ನೆ ನಾನು ಕೈ ಎತ್ತಿದ್ಮೇಲೆ ಅಲ್ಲಿ ಬೆಳಕು ಬಂತು."

ಕ್ಷಮಿಸು ಎನ್ನಬೇಕೆಂದು ಪೇಂಟರ್‌ಗೆ ಅನ್ನಿಸಿತು. ಕುಂಚವನ್ನು ಚಿಂದಿಯಲ್ಲಿ ಒರೆಸಿದ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿದ.

"ಹಲಗೆ ಅಗಲ ಎಷ್ಟು ಬೇಕು?" ಎಂದ.

"ಇಲ್ಲಿಂದೇ ಅಳತೆ."

ಹದಿನೈದು ದಿನ ಬಿಟ್ಟು ಅಳಿಯ ಹಲಗೆ ಒಯ್ಯಲು ಬಂದ. ಬಂದವರ ಸಾಲಿಗೆ, ಅಂದರೆ ಕೆಂಪಿಗೆ, ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಹಲಗೆ ಗೋಡೆಗೆ ಒರಗಿ ಒಣಗುತ್ತಿದ್ದವು. ಪ್ರತಿಯೊಂದಕ್ಕೂ ಎರಡೆರಡು ಸಲ ಬಣ್ಣ ಬಿದ್ದಿತ್ತು. ಅಲ್ಲಿಯವರ ಸಾಲಿಗೆ, ಅಂದರೆ ಹಸಿರಿಗೆ, ಸೊನ್ನೆ, ಒಂದು, ಎರಡು. ಅಳಿಯ ಎಣಿಸಿದ. ಶೆಡ್ಡಿನ ಹಿಂದೆಲ್ಲ ಹೋಗಿ ನೋಡಿ ಬಂದ.

"ಮಾವ, ನಮ್ಮ ಕಡೆಗೆ ಎರಡರ ತನಕ ಮಾತ್ರ ಇದೆಯಲ್ಲ?"

"ಈ ಪಂದ್ಯಕ್ಕೆ ಅಷ್ಟು ಸಾಕು. ಮಿಕ್ಕಿದ್ದು ಆಮೇಲೆ ಬರೆದು ಕೊಡ್ತೀನಿ."

ಅಳಿಯ ಮನಸಾರೆ ನಕ್ಕ. ನಗದೆ ಮುಖ ಊದಿಸಿಕೊಂಡಿದ್ದರೆ ಪೇಂಟರ್‌ಗೆ ಎಷ್ಟು ಚೆನ್ನಾಗಿರುತ್ತಿತ್ತು. ಹಲಗೆಗಳು ಒಂದಕ್ಕೊಂದು ಉಜ್ಜದಿರಲೆಂದು ಅಳಿಯ ನಡುವೆ ಹಳೆ ಪೇಪರ್ ಇಟ್ಟು, ಗಂಟು ಕಟ್ಟಿ, ಬಸ್ಸಿಗೆ ಹೊತ್ತುಕೊಂಡು ಹೋದ.

ಮರುಪಂದ್ಯದ ದಿನ ಪೇಂಟರ್ ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಬೋರ್ಡಿನ ಮುಂಬದಿಯಲ್ಲಿ ಕೂತ. ಒಂದು ಕಡೆ ಕಟಿಂಗ್ ಶಾಪಿನವನು, ಇನ್ನೊಂದು ಕಡೆ ಡ್ರೈವರ್. ಎಡಗಾಲಿನವನು ಇಳಿದಿದ್ದಾನೆ, ಗಾಳಿ ನಮ್ಮ ಕಡೆಯಿಂದ ಬೀಸುತ್ತಿದೆ, ಅವರ ಗೋಲ್‌ಕೀಪರ್ ಕುಂಟುತ್ತಿದ್ದಾನೆ ಎಂದು ಇಬ್ಬರೂ ಅವನ ಎರಡು ಕಿವಿಗೂ ತುಂಬುತ್ತಿದ್ದರು. ಬೋರ್ಡಿನ ಮೇಲೆ ಅವನದೇ ಕೈಯ ಎರಡು ಸೊನ್ನೆ, ಅದರ ಹಿಂದೆ ಮಗಳು. ಕೆಳಗೆ ಕಟ್ಟೆಯ ಮೇಲೆ ಅಳಿಯ ನೆಟ್ಟಗೆ ಕೂತಿದ್ದ.

ಇಪ್ಪತ್ತನೆಯ ನಿಮಿಷಕ್ಕೆ ಹಸಿರಿನವರು ಗೋಲು ಹೊಡೆದರು. ಅಳಿಯ ಎಡಗೈ ಎತ್ತಿದ. ಮೊಣಕೈ ಬಾಗಿತ್ತು, ಅವಳಾಗಿದ್ದರೆ ಹಾಗೆ ಎತ್ತುತ್ತಿರಲಿಲ್ಲ ಎಂದು ಪೇಂಟರ್ ಹಲ್ಲು ಕಚ್ಚಿದ.

"ಅವರ ಹತ್ರ ಇನ್ನು ಉಳಿದಿರೋದು ಒಂದೇ ಹಲಗೆ" ಎಂದ ಕಟಿಂಗ್ ಶಾಪಿನವನು, ಕೈ ಉಜ್ಜಿಕೊಳ್ಳುತ್ತ. "ನಮ್ಮ ಹತ್ರ ಒಂಬತ್ತು ಇದೆ. ಎಪ್ಪತ್ತು ನಿಮಿಷನೂ ಇದೆ."

ಸುತ್ತ ಕೂತ ಕೆಂಪಿನವರು ಅದನ್ನು ಒಬ್ಬರಿಂದೊಬ್ಬರಿಗೆ ದಾಟಿಸಿ ನಕ್ಕರು, ಯಾರೋ ಹಾಡೊಂದನ್ನು ಎತ್ತಿದರು. ಪೇಂಟರ್ ಬೋರ್ಡನ್ನೇ ನೋಡುತ್ತಿದ್ದ. ಹಸಿರಿನ ಸೊನ್ನೆ ಇಳಿಯಿತು, ಒಂದು ಏರಿತು. ಹಲಗೆ ಬದಲಾಗುವಷ್ಟು ಹೊತ್ತು ಕಿಂಡಿಯಲ್ಲಿ ಆಕಾಶದ ಬೆಳಕಿತ್ತು. ಆಮೇಲೆ ಅದು ಮತ್ತೆ ಕಪ್ಪಗಾಯಿತು.