ಅಜ್ಜಿಯ ಶುಕ್ರವಾರಗಳು

ತಿರುವಲ್ಲಿಕ್ಕೇಣಿಯ ಮಹಡಿ ಮನೆಯಲ್ಲಿದ್ದವರು ಇಬ್ಬರೇ: ನಾಟಕ ಶಾಲೆಯಲ್ಲಿ ಎರಡನೆಯ ವರ್ಷ ಓದುತ್ತಿದ್ದ ಸಂಹಿತಾ ಮತ್ತು ಅವಳ ಅಜ್ಜಿ ಅಂಬುಜಮ್ಮ. ಅಪ್ಪನಿಗೆ ಕೊಯಮತ್ತೂರಿಗೆ ವರ್ಗವಾದ ಮೇಲೆ ಅಪ್ಪ ಅಮ್ಮ ಅಲ್ಲೇ ಇದ್ದರು.

ಮೈಸೂರಿನಿಂದ ನಂದಿತಾ, ಮಿಥುನ್ ಬರುವ ಸುದ್ದಿ ಕೇಳಿ ಸಂಹಿತಾ ಎರಡು ದಿನ ಮನೆ ಗುಡಿಸಿದಳು. ಹಿಂದಿನ ವರ್ಷ ಮೈಸೂರಿನ ರಂಗಶಿಬಿರದಲ್ಲಿ ಮೂವರೂ ಎರಡು ತಿಂಗಳು ಒಟ್ಟಿಗೆ ಕಳೆದಿದ್ದರು. ಅವಳ ತಮಿಳು ಬೆರೆತ ಕನ್ನಡ ಕೇಳಿ ಉಳಿದವರು ನಕ್ಕಾಗ ನಂದಿತಾ ಮಾತ್ರ ನಕ್ಕಿರಲಿಲ್ಲ. ಆ ಶಿಬಿರದ ಕೊನೆಯಲ್ಲಿ ಸಂಹಿತಾ ಹನ್ನೆರಡು ನಿಮಿಷದ ಒಂದು ತುಣುಕು ಆಡಿ ತೋರಿಸಿದ್ದಳು. ಅದು ಅಜ್ಜಿಯ ಕಥೆ. ಅಜ್ಜಿಗೆ ವೃಂದಾ ಎಂಬ ತಂಗಿಯಿದ್ದಳು. ಮೀನುಗಾರರ ಬಂದರು ಕಾಸಿಮೇಡಿನ ದೋಣಿಯವನೊಬ್ಬನನ್ನು ಮದುವೆಯಾಗಿ ಹೊರಟುಹೋದಳು. ಮನೆಯವರು ಅವಳು ಸತ್ತಳೆಂದು ತಲೆಗೆ ನೀರು ಹಾಕಿಕೊಂಡರು. ಅಜ್ಜಿ ಮಾತ್ರ ಶುಕ್ರವಾರ ದೇವಸ್ಥಾನಕ್ಕೆಂದು ಹೇಳಿ, ಬಸ್ಸು ಹತ್ತಿ, ಮೀನು ಹರಾಜಿನ ಗದ್ದಲದ ನಡುವೆ ಮೂಗಿಗೆ ಸೆರಗು ಹಿಡಿದು ತಂಗಿಯನ್ನು ನೋಡಿಬರುತ್ತಿದ್ದಳು. ಹೀಗೆ ನಾಲ್ಕು ವರ್ಷ. ಆಮೇಲೇನಾಯಿತು ಎಂದು ಕೇಳಿದರೆ ಅಜ್ಜಿ ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು. ನಾಟಕ ಅಲ್ಲಿಗೇ ನಿಂತಿತ್ತು. ಸಂಹಿತಾ ಬರೆದು ಹರಿದ ಪ್ರತಿಯೊಂದು ಕರಡನ್ನೂ ನಂದಿತಾ ಓದಿದ್ದಳು.

ಬಂದವರಲ್ಲಿ ನಂದಿತಾಗೆ ತನ್ನ ಕೋಣೆ ಕೊಟ್ಟು ಸಂಹಿತಾ ಅಜ್ಜಿಯ ಪಕ್ಕ ಚಾಪೆ ಹಾಸಿಕೊಂಡಳು. ಮಿಥುನ್ ನಡುಮನೆಯಲ್ಲಿ ಮಲಗಿದ. ಹಗಲು ಅವಳಿಗೆ ತಾಲೀಮು ಇರುತ್ತಿತ್ತು. ಸಂಜೆ ಮನೆಗೆ ಬಂದರೆ ನಂದಿತಾ ಅಜ್ಜಿಯ ಕಾಲ ಬಳಿ ಕೂತು ಸೊಪ್ಪು ಬಿಡಿಸುತ್ತಿರುತ್ತಿದ್ದಳು.

"ಎಷ್ಟು ಒಳ್ಳೆ ಹುಡುಗಿ ಕಣ್ಣಾ. ಬೆಳಿಗ್ಗೆಯಿಂದ ನನ್ನ ಜೊತೇಲೇ ಮಾತಾಡಿಂಡು ಕೂತಿದ್ದಾಳೆ" ಎಂದಳು ಅಜ್ಜಿ. ಸಂಹಿತಾಗೆ ಹೆಮ್ಮೆಯಾಯಿತು.

ಶನಿವಾರ ಮುಂಜಾನೆ ಬಾಡಿಗೆ ಕಾರಿನಲ್ಲಿ ಮೂವರೂ ಎರಡು ದಿನಕ್ಕೆಂದು ಪುದುಚೇರಿಗೆ ಹೊರಟರು. ಮಿಥುನ್ ಓಡಿಸುತ್ತಿದ್ದ. ಸಂಹಿತಾ ಕಾಲೇಜಿನ ಪ್ರದರ್ಶನದ ಎರಡು ತಾಲೀಮು ತಪ್ಪಿಸಿ, ಗುರುಗಳಿಂದ ಬೈಸಿಕೊಂಡು ಬಂದಿದ್ದಳು. ಎಡಕ್ಕೆ ಸಮುದ್ರ ಕಂಡು ಮರೆಯಾಗುತ್ತಿತ್ತು. ಮರಕ್ಕಾಣಂ ಹತ್ತಿರ ಕಾರು ನಿಲ್ಲಿಸಿ ಉಪ್ಪಿನ ರಾಶಿಗಳ ಮುಂದೆ ಫೋಟೊ ತೆಗೆಸಿಕೊಂಡರು. ಇಷ್ಟು ಸಂತೋಷವಾಗಿ ತುಂಬ ದಿನವಾಗಿತ್ತು ಎಂದು ಸಂಹಿತಾ ಬಾಯಿಬಿಟ್ಟೇ ಹೇಳಿದಳು. ಮಿಥುನ್ ನೀರಿನ ಬಾಟಲಿ ಮುಚ್ಚಳ ತಿರುಗಿಸುತ್ತಿದ್ದ.

ಪುದುಚೇರಿಯಲ್ಲಿ ಊಟ ಮುಗಿದ ಮೇಲೆ ನಂದಿತಾ ಹೇಳಿದಳು. "ಇಲ್ಲೊಂದು ಸಣ್ಣ ಕೆಲ್ಸ ಇದೆ ಕಣೇ. ಅರ್ಧ ಗಂಟೆ. ನೀನು ಬೀಚಲ್ಲಿ ಕೂತಿರು."

"ಬಿಸಿಲಲ್ಲಾ? ನಾನೂ ಬರ್ತೀನಿ."

ನಂದಿತಾ, ಮಿಥುನ್ ಮುಖ ಮುಖ ನೋಡಿಕೊಂಡರು. ಬೇಡ ಎನ್ನಲು ಕಾರಣ ಸಿಗಲಿಲ್ಲ.

ಅದೊಂದು ಸಣ್ಣ ರಂಗಮಂದಿರ. ಬಾಗಿಲಲ್ಲೇ ಏಕವ್ಯಕ್ತಿ ನಾಟಕೋತ್ಸವದ ಪಟ್ಟಿ ಅಂಟಿಸಿದ್ದರು. ಮಾರನೆಯ ದಿನದ ಎರಡನೆಯ ಹೆಸರು ನಂದಿತಾಳದು. ರಚನೆ, ಅಭಿನಯ ಎರಡೂ ಅವಳದೇ.

"ಹೇಳ್ಲೇ ಇಲ್ವಲ್ಲೇ!" ಸಂಹಿತಾ ಖುಷಿಯಿಂದ ಅವಳ ತೋಳು ಹಿಡಿದಳು. "ಯಾವ ನಾಟಕ?"

ನಂದಿತಾ ಉತ್ತರಿಸುವ ಮೊದಲೇ ಉತ್ಸವ ನಡೆಸುತ್ತಿದ್ದ ಮೌನ ಎಂಬಾಕೆ ಒಳಗಿನಿಂದ ಕರೆದು, ಧ್ವನಿ ಪರೀಕ್ಷೆಗೆ ಹದಿನೈದೇ ನಿಮಿಷ ಉಳಿದಿದೆ ಎಂದಳು. ಮಿಥುನ್ ಗಡಿಬಿಡಿಯಲ್ಲಿ ಲ್ಯಾಪ್‌ಟಾಪ್ ಜೋಡಿಸಿ ಗುಂಡಿ ಒತ್ತಿದ. ಕತ್ತರಿಸಿ ಸಿದ್ಧಪಡಿಸಿದ ಧ್ವನಿಯ ಬದಲು, ಇಡೀ ಧ್ವನಿಮುದ್ರಣವೇ ಮೊದಲಿನಿಂದ ಶುರುವಾಯಿತು.

ಖಾಲಿ ಕುರ್ಚಿಗಳ ಮೇಲೆ ಅಂಬುಜಮ್ಮನ ದನಿ ಹರಡಿತು. "ಸಂಹಿತಾ ಕೇಳಕ್ಕೆ ಹೇಳಿದಳಾ? ಸರಿ ಕಣ್ಣಾ. ಅವಳ ಮುಖ ನೋಡಿಂಡು ಹೇಳಕ್ಕೆ ನನಗೆ ನಾಚಿಕೆ. ನೀನೇ ಇದನ್ನ ಅವಳಿಗೆ ಕೊಡು. ಕೊನೇ ಶುಕ್ರವಾರ ವೃಂದಾ ಮಗೂನ ಎತ್ತಿಂಡು ಬಂದಿದ್ದಳು. ಮೂರು ತಿಂಗಳ ಕೂಸು. ಒಂದ್ಸಲ ಎತ್ತಿಕೋ ಅಕ್ಕಾ ಅಂದಳು. ನಾನು ಎತ್ತಲಿಲ್ಲ. ಮೀನಿನ ವಾಸನೆ ಸೀರೆಗೆ ಹತ್ತಿದರೆ ಅತ್ತೆಗೆ ತಿಳಿಯತ್ತೆ ಅಂತ ಭಯ. ಕೈ ಹಿಂದಕ್ಕೆ ಕಟ್ಟಿಂಡು ನಿಂತೆ. ಮುಂದಿನ ಶುಕ್ರವಾರ ಅವಳು ಬರಲಿಲ್ಲ. ಆಮೇಲೆ ಯಾವತ್ತೂ ಬರಲಿಲ್ಲ..."

ಮಿಥುನ್ ತಡಕಾಡಿ ನಿಲ್ಲಿಸಿದ.

ಸಂಹಿತಾಗೆ ಮೊದಲು ಕೋಪ ಬರಲಿಲ್ಲ. ಲ್ಯಾಪ್‌ಟಾಪ್ ಹತ್ತಿರ ನಡೆದುಹೋದಳು. "ನಾನು ಯಾವತ್ತು ಕೇಳಕ್ಕೆ ಹೇಳಿದೆ ನಂದಿತಾ?"

"ನೋಡು, ನಿಂಗೆ ಹೇಳ್ಬೇಕು ಅಂತಾನೇ ಇದ್ವಿ."

"ಯಾವತ್ತಿಂದ ನಡೀತಿದೆ ಇದು?"

"ಮಾರ್ಚ್‌ನಲ್ಲಿ ಉತ್ಸವಕ್ಕೆ ಆಯ್ಕೆ ಆಯ್ತು" ಎಂದ ಮಿಥುನ್, ತಲೆ ಎತ್ತದೆ. "ಕೊನೆ ಭಾಗ ಸಿಕ್ಕಿರ್ಲಿಲ್ಲ."

ಅಂದರೆ ಅವರು ಬಂದದ್ದೇ ಕೊನೆಯ ಭಾಗಕ್ಕೆ. ಕೋಣೆ, ಚಾಪೆ, ಸೊಪ್ಪು ಬಿಡಿಸುತ್ತಿದ್ದ ಸಂಜೆಗಳು, ಎಲ್ಲ ಅವಳ ಕಣ್ಣ ಮುಂದೆ ಬಂದವು.

"ಒಂದು ವರ್ಷ ಬರೆದು ಹರಿದಿದ್ದೇ ಆಯ್ತಲ್ಲ ನೀನು" ನಂದಿತಾಳ ದನಿ ಏರಿತು. "ಒಳ್ಳೆ ಕಥೆ ಹಾಗೇ ಕೊಳೀಬೇಕಿತ್ತಾ? ಯಾರಾದ್ರೂ ಆಡ್ಬೇಕಲ್ವಾ?"

ಸಂಹಿತಾ ಅವಳನ್ನು ಬಿಟ್ಟು ಮೌನಳ ಕಡೆ ತಿರುಗಿ ತಮಿಳಿನಲ್ಲೇ ಹೇಳಿದಳು: ಇದು ನನ್ನ ಅಜ್ಜಿಯ ದನಿ, ಸುಳ್ಳು ಹೇಳಿ ತೆಗೆದುಕೊಂಡದ್ದು. ಒಪ್ಪಿಗೆಯಿಲ್ಲದ ದನಿ ಬಳಸುವಂತಿಲ್ಲ ಎಂದಳು ಮೌನ. ನಾಟಕವನ್ನು ಮಾತ್ರ ಕೈಬಿಡುವಂತಿಲ್ಲ, ಟಿಕೆಟ್ ಮಾರಿಯಾಗಿದೆ.

"ಪರವಾಗಿಲ್ಲ. ಆ ಮಾತು ನಾನೇ ಆಡ್ತೀನಿ" ಎಂದಳು ನಂದಿತಾ.

ಸಂಹಿತಾ ಬಸ್ಸು ಹಿಡಿದು ಒಬ್ಬಳೇ ಹಿಂತಿರುಗಿದಳು. ದಾರಿಯುದ್ದಕ್ಕೂ ಅಜ್ಜಿಗೆ ಹೇಳುವುದೋ ಬೇಡವೋ ಎಂದು ಒದ್ದಾಡಿದಳು. ಹೇಳದಿದ್ದರೆ ತಾನೂ ಸುಳ್ಳಿನಲ್ಲಿ ಸೇರಿದಂತೆ. ಮನೆಗೆ ಬಂದು ಕೈಕಾಲು ತೊಳೆದು ಎಲ್ಲವನ್ನೂ ಹೇಳಿದಳು.

"ಆ ಹುಡುಗಿಗೆ ಗೊಜ್ಜು ಇಷ್ಟ ಅಂತ ಡಬ್ಬೀಲಿ ಹಾಕಿಟ್ಟಿದ್ದೆನಲ್ಲೇ" ಎಂದಷ್ಟೇ ಹೇಳಿ ಅಂಬುಜಮ್ಮ ಕಣ್ಣೊರೆಸಿಕೊಂಡಳು.

ದೊಡ್ಡ ಚೀಲಗಳು ಮನೆಯಲ್ಲೇ ಇದ್ದುದರಿಂದ ನಂದಿತಾ, ಮಿಥುನ್ ಸೋಮವಾರ ಬೆಳಿಗ್ಗೆ ಬರಲೇಬೇಕಾಯಿತು. ಬಾಗಿಲು ತೆರೆದದ್ದು ಅಜ್ಜಿಯೇ. ಮಿಥುನ್ ಮೆಟ್ಟಿಲಲ್ಲೇ ನಿಂತ. ನಂದಿತಾ ಕಾಲು ಮುಟ್ಟಲು ಬಗ್ಗಿದಾಗ ಅಜ್ಜಿ ಎರಡು ಹೆಜ್ಜೆ ಹಿಂದೆ ಸರಿದಳು.

"ಆಡಿದೆಯಾ?"

"ಆಡಿದೆ ಅಜ್ಜಿ. ಜನ ಅತ್ತುಬಿಟ್ರು."

"ಕೂಸು?"

ನಂದಿತಾ ತಡವರಿಸಿದಳು. "ಅದು... ಕೊನೇಲಿ ಎತ್ಕೋತೀನಿ ಅಜ್ಜಿ. ಹಾಗೆ ಮಾಡಿದ್ರೆ ಜನಕ್ಕೆ ಸಮಾಧಾನ."

"ನಾನು ಎತ್ತಲಿಲ್ಲವಲ್ಲೇ" ಎಂದಳು ಅಂಬುಜಮ್ಮ. "ಅರವತ್ತು ವರ್ಷ ಅದನ್ನೇ ಇಟ್ಟಿಂಡಿದ್ದೆ. ಅದನ್ನಾದರೂ ಇದ್ದ ಹಾಗೇ ಬಿಡಬಾರದಿತ್ತಾ ನೀನು?"

ಸಂಹಿತಾ ಎರಡೂ ಚೀಲಗಳನ್ನು ತಾನೇ ಎತ್ತಿಕೊಂಡು ಹೋಗಿ ಮೆಟ್ಟಿಲ ಕೆಳಗೆ ಬೀದಿಯಲ್ಲಿಟ್ಟಳು. ಮಿಥುನ್ ಏನೋ ಹೇಳಹೊರಟ. ಅವಳು ಕೇಳಿಸಿಕೊಳ್ಳದೆ ಮೇಲೆ ಬಂದಳು.

ಆ ಮಧ್ಯಾಹ್ನ ಅಜ್ಜಿ ಅವಳನ್ನು ಹತ್ತಿರ ಕರೆದಳು. "ನಿನಗೆ ನಾನೇ ಹೇಳಬೇಕಿತ್ತು. ಈಗ ಹೇಳಲಾ?"

ಒಂದು ವರ್ಷ ಕಾದ ಮಾತು ಅದು. ಆದರೆ ಸಂಹಿತಾ ಅದನ್ನು ಆಗಲೇ ಕೇಳಿಯಾಗಿತ್ತು, ಬೇರೆ ಊರಿನಲ್ಲಿ, ಸ್ಪೀಕರ್ ಪೆಟ್ಟಿಗೆಯೊಳಗಿಂದ, ಅದನ್ನು ಕೇಳಬಾರದಿದ್ದವರ ನಡುವೆ ನಿಂತು.

"ಈಗ ಬೇಡ ಅಜ್ಜಿ" ಎಂದಳು. ಕೋಣೆಗೆ ಹೋಗಿ ನಂದಿತಾ ಮಲಗಿದ್ದ ಹಾಸಿಗೆಯ ಮೇಲಿನ ಬಟ್ಟೆ ಎಳೆದು ನೀರಿಗೆ ಹಾಕಿದಳು. ಆಮೇಲೆ ಗುರುಗಳಿಗೆ ಫೋನ್ ಮಾಡಿ, ನಾಳೆಯಿಂದ ತಾಲೀಮಿಗೆ ಬರುತ್ತೇನೆಂದಳು. ಅವಳ ಪಾತ್ರವನ್ನು ಬೇರೆಯವರಿಗೆ ಕೊಟ್ಟಾಗಿತ್ತು.