ಅವರ ಟೀಮು ಸೋಲಲಿ

ಚಾಂದನ ಪತ್ರ ಬಂದ ದಿನ ವಾಡಿಯ ಗುಲಾಮ ದಸ್ತಗೀರನ ಅಂಗಳದಲ್ಲಿ ಕೂರಲು ಜಾಗ ಸಿಗುತ್ತಿರಲಿಲ್ಲ. ಪರಸಿಕಲ್ಲು ಹಾಸಿದ ಅಂಗಳ, ನಡುವೆ ಒಂದು ಹೊರಸು, ಹೊರಸಿನ ಮೇಲೆ ರೈಲ್ವೆಯಿಂದ ರಿಟೈರಾದ ಗುರುಲಿಂಗಯ್ಯ. ಚಾಂದ ಓದಿದ್ದು ಕನ್ನಡ ಸಾಲೆಯಲ್ಲಿ, ಅವನ ಅಪ್ಪ ದಸ್ತಗೀರ ಯಾವ ಸಾಲೆಯ ಮೆಟ್ಟಿಲೂ ಹತ್ತಿದವನಲ್ಲ, ಹಾಗಾಗಿ ಪತ್ರ ಗುರುಲಿಂಗಯ್ಯನ ಬಾಯಿಂದಲೇ ಬರಬೇಕು. ಅವನೋ ಮೊದಲು ಚಹಾ ಕುಡಿಯುತ್ತಾನೆ, ಆಮೇಲೆ ಚಷ್ಮಾ ಒರೆಸುತ್ತಾನೆ, ಆಮೇಲೆ ಅದನ್ನೇ ಇನ್ನೊಮ್ಮೆ ಒರೆಸುತ್ತಾನೆ. ಬಾಗಿಲ ಪರದೆಯ ಹಿಂದೆ ನಿಂತ ಚಾಂದನ ಹೆಂಡತಿ ರಶೀದಾಬೇಗಂಗೆ ಆ ಚಷ್ಮಾ ಕಸಿದುಕೊಂಡು ತಾನೇ ಓದಿಬಿಡೋಣ ಅನ್ನಿಸುತ್ತಿತ್ತು. ಕಸಿದುಕೊಂಡು ಮಾಡುವುದೇನು, ಅವಳು ಕಲಿತದ್ದು ಕುರಾನಿನ ಅಕ್ಷರ, ಕನ್ನಡದ್ದಲ್ಲ.

ಮದುವೆಯಾಗಿ ನಲವತ್ತೊಂದನೇ ದಿನಕ್ಕೆ ಗಂಡ ವಿಮಾನ ಹತ್ತಿದ್ದ. ಸಿಮೆಂಟ್ ಕಾರ್ಖಾನೆಯಲ್ಲಿ ಹೊಸ ಯಂತ್ರ ಕೂಡಿಸಲು ಸ್ವಿಟ್ಜರ್ಲೆಂಡಿನವರು ಬಂದಿದ್ದರು, ಚಾಂದನ ಕೈಕೆಲಸ ನೋಡಿ, ಆರು ತಿಂಗಳು ನಮ್ಮ ದೇಶಕ್ಕೆ ಬಂದು ಕಲಿತುಕೋ ಎಂದು ಕರೆದೊಯ್ದರು. ಅತ್ತೆ ಜೈತುನ್‌ಬೀ ಓಣಿಯಲ್ಲಿ ಹೇಳಿದ್ದೇ ಹೇಳಿದ್ದು: “ಸೊಸಿ ಕಾಲ್ಗುಣ ನೋಡ್ರಿ, ಆಕಿ ಒಳಗ ಬಂದ್ಳು, ಮಗ ವಿಲಾಯತಿಗೆ ಹೋದ.” ಮನಸ್ಸು ಖುಷಿಯಾಗಿದ್ದಾಗ ಅದು ಹೊಗಳಿಕೆ, ಸೊಂಟ ನೋಯುವಾಗ ಅದೇ ಮಾತು ಬೈಗುಳ. ರಶೀದಾ ಎರಡನ್ನೂ ತಲೆ ತಗ್ಗಿಸಿ ಕೇಳುತ್ತಿದ್ದಳು.

ಅಪ್ಪನ ಹೆಸರಿಗೆ ಬರೆದ ಪತ್ರ, ಹತ್ತು ಜನರೆದುರು ಓದುವ ಪತ್ರ. ಅಂಥದರಲ್ಲಿ ಹೆಂಡತಿ ಹ್ಯಾಂಗಿದ್ದಾಳೆ ಎಂದು ಕೇಳಿದರೆ ನಾಚಿಕೆಗೆಟ್ಟವ ಅನ್ನುತ್ತಾರೆ. ಕೊನೆಗೊಂದು ಸಾಲು, ‘ಮನೆಯಲ್ಲಿ ಎಲ್ಲರಿಗೂ ಸಲಾಂ’. ಆ ‘ಎಲ್ಲರಿಗೂ’ ಎಂಬುದರಲ್ಲಿ ಅತ್ತೆ ಮಾವ ಇದ್ದರು, ಮೈದುನರಿದ್ದರು, ಹಟ್ಟಿಯ ಎರಡು ಆಡೂ ಇದ್ದವೋ ಏನೋ. ಅದರೊಳಗೆ ತನ್ನ ಪಾಲು ಎಷ್ಟು ಎಂದು ರಶೀದಾ ಹಿಟ್ಟು ನಾದುತ್ತ ಯೋಚಿಸುತ್ತಿದ್ದಳು.

ಇನ್ನುಳಿದ ಪತ್ರವೆಲ್ಲ ಕಾಲ್ಚೆಂಡು. ಮಗ ಇರುವ ಊರಿಗೊಂದು ಕ್ಲಬ್ಬು, ಅವನ ಮೇಸ್ತ್ರಿ ಆ ಕ್ಲಬ್ಬಿನ ಕಮಿಟಿಯವನು, ರವಿವಾರ ಬಂದರೆ ಇವನನ್ನೂ ಮೈದಾನಕ್ಕೆ ಎಳೆದುಕೊಂಡು ಹೋಗುತ್ತಿದ್ದ. ಊರ ಹೆಸರು ಗುರುಲಿಂಗಯ್ಯನ ನಾಲಿಗೆಗೆ ಹೊರಳಲಿಲ್ಲ, ಹಾಗಾಗಿ ಎಲ್ಲರೂ ‘ಚಾಂದನ ಟೀಮು’ ಅಂದರು. ಲೀಗಿನಲ್ಲಿ ನಾಲ್ಕನೇ ಜಾಗ, ಅವರ ದೇಶದ ಕಪ್ಪಿನಲ್ಲಿ ಸೋತು ಹೊರಗೆ, ಯುರೋಪಿನ ಕಪ್ಪಿನಲ್ಲಿ ಮಾತ್ರ ಗೆಲುವು.

“ಹಂಗಂದ್ರೇನ್ರಿ, ಒಂದೇ ಟೀಮು ಮೂರು ಕಡೆ ಆಡ್ತದೇನು?” ಎಂದು ದಸ್ತಗೀರ ಕೇಳಿದ.

“ಲೀಗ್ ಅಂದ್ರ ವರ್ಷಪೂರ್ತಿ ಕೂಲಿ ಇದ್ದಂಗ, ದಸ್ತಗೀರಣ್ಣ. ಅವರ ಕಪ್ಪಂದ್ರ ನಮ್ಮೂರವರ ಕುಸ್ತಿ. ಯುರೋಪ ಅಂದ್ರ ಪರವೂರ ಪೈಲವಾನರ ಸಂಗಡ ಕುಸ್ತಿ. ಅದರಾಗ ಒಮ್ಮಿ ಸೋತ್ರ ಮುಗೀತು, ಗಂಟು ಕಟ್ಟಬೇಕು.”

ಡಿಸೆಂಬರಿನ ಪತ್ರದಲ್ಲಿ, ಹಿಮ ಬಿದ್ದು ಮೈದಾನ ಮುಚ್ಚಿದೆ, ಮಾರ್ಚಿನ ತನಕ ದೊಡ್ಡ ಆಟ ಇಲ್ಲ ಎಂದಿತ್ತು. ರಶೀದಾ ಅದನ್ನು ಕೇಳಿ ಹಿಗ್ಗಿದಳು. ಆಟ ಇಲ್ಲ, ಜನವರಿಗೆ ಕೆಲಸದ ಕಲಿಕೆಯೂ ಮುಗಿಯುತ್ತದೆ, ಇನ್ನೇನು ಬಂದೇ ಬರುತ್ತಾರೆ. ಪೆಟ್ಟಿಗೆಯೊಳಗಿನ ಹಸಿರು ಸೀರೆ ತೆಗೆದು ಬಿಸಿಲಿಗೆ ಹಾಕಿದಳು.

ಫೆಬ್ರವರಿಯ ಪತ್ರ ಬೇರೆಯದೇ ಹೇಳಿತು. ‘ನಾನು ಮೈದಾನದಲ್ಲಿ ಕಾಲಿಟ್ಟಂದಿನಿಂದ ಟೀಮು ತನ್ನೂರಲ್ಲಿ ಒಮ್ಮೆಯೂ ಸೋತಿಲ್ಲ ಎಂದು ಮೇಸ್ತ್ರಿ ಲೆಕ್ಕ ತೆಗೆದಿದ್ದಾನೆ. ಯುರೋಪಿನ ಕಪ್ಪಿನಲ್ಲಿ ಟೀಮು ಇರುವ ತನಕ ನಿನ್ನನ್ನು ಬಿಡುವುದಿಲ್ಲ ಎನ್ನುತ್ತಾನೆ. ಮಾಲೀಕರಿಗೆ ಹೇಳಿ ಕೆಲಸ ಮುಂದುವರಿಸಿದ್ದಾನೆ. ಸೋತ ದಿನ ಟಿಕೀಟು ತೆಗೆಸಿಕೊಡುತ್ತಾನಂತೆ. ಅಪ್ಪಾ, ನೀವು ಏನು ಹೇಳುತ್ತೀರಿ?’

ದಸ್ತಗೀರ ಎದೆ ಉಬ್ಬಿಸಿ ಎದ್ದು ನಿಂತ. “ಅಲ್ಲಿಯವರಿಗೂ ಕಾಲ್ಗುಣ ಗೊತ್ತದ ನೋಡ್ರಿ. ಬರೀರಿ ಗುರುಲಿಂಗಯ್ಯನೋರೆ, ಇರು ಅಂತ ಬರೀರಿ. ಟೀಮು ಗೆದ್ರ ದರ್ಗಾಕ್ಕ ನಾ ಮಲೀದಾ ಒಯ್ತೀನಿ ಅಂತನೂ ಬರೀರಿ.”

ಯಾರೂ ಪರದೆಯ ಕಡೆ ನೋಡಲಿಲ್ಲ. ರಶೀದಾ ಸೀರೆ ಮಡಿಚಿ ಮತ್ತೆ ಪೆಟ್ಟಿಗೆಯಲ್ಲಿಟ್ಟಳು.

ಮಾರ್ಚಿನಲ್ಲೂ ಟೀಮು ಗೆದ್ದಿತು, ಹಾಳಾದ್ದು. ಚಪಾತಿ ಮುರಿದು, ಬೆಲ್ಲ ತುಪ್ಪ ಹಾಕಿ, ಗಂಡ ಬಾರದಿದ್ದುದಕ್ಕೆ ಮಲೀದಾ ಕಲಸಿದವಳು ರಶೀದಾಳೇ. ಕೈ ಕಲಸುತ್ತಿತ್ತು, ಕಣ್ಣು ಹರಿಯುತ್ತಿತ್ತು. “ಒಲಿ ಹೊಗಿ ಅತ್ತಿ,” ಎಂದಳು. ಓಣಿಯ ಮಂದಿ ಬಾಯಿ ಚಪ್ಪರಿಸಿ ತಿಂದರು. ಮುಂದಿನ ಆಟ ಉಪಾಂತ್ಯದ್ದು, ಎರಡು ಸಲ ಆಡಬೇಕು, ಮೊದಲು ಎದುರಾಳಿಗಳ ಊರಲ್ಲಿ, ಆಮೇಲೆ ಟೀಮಿನ ಸ್ವಂತ ಊರಲ್ಲಿ ಎಂದು ಪತ್ರ ಬಂದಿತ್ತು. ದಸ್ತಗೀರ ಆಗಲೇ ಎರಡನೇ ಮಲೀದಾ ಬೇಡಿಕೊಂಡ. ಪತ್ರ ಬರಲು ಹದಿನೈದು ಇಪ್ಪತ್ತು ದಿನ ಹಿಡಿಯುತ್ತದೆ, ನಾವು ಹರಕೆ ಹೊರುವ ಹೊತ್ತಿಗೆ ಆಟ ಮುಗಿದಿರುತ್ತದೆ ಎಂಬುದು ಗುರುಲಿಂಗಯ್ಯನೊಬ್ಬನಿಗೆ ಹೊಳೆದಿತ್ತು. ಹೇಳಿದರೆ ಮಲೀದಾ ತಪ್ಪುತ್ತದೆ ಎಂದು ಅವನು ಸುಮ್ಮನಿದ್ದ.

ಗುರುವಾರ ಅತ್ತೆಯ ಸಂಗಡ ರಶೀದಾ ಸ್ಟೇಷನ್ನಿನ ಆಚೆಯ ದರ್ಗಾಕ್ಕೆ ಹೋದಳು. ಒಳಗೆ ಮಾವ ಕೈಯೆತ್ತಿ ಗೆಲುವು ಬೇಡುತ್ತಿದ್ದ. ಹೆಂಗಸರು ನಿಲ್ಲುವ ಹೊರಗಿನ ಜಾಲಂಧ್ರಕ್ಕೆ ಇವಳು ಸೆರಗಿನ ದಾರ ಕಿತ್ತು ಕಟ್ಟಿದಳು. ಗಂಡನ ಹೆಸರು ಮನಸ್ಸಿನಲ್ಲೂ ಹೇಳುವ ರೂಢಿ ಇರಲಿಲ್ಲ. “ಅವರ ಟೀಮು ಸೋಲಲಿ, ಬಾಬಾ. ಹೂವಿನ ಚಾದರ ಹೊಚ್ಚತೀನಿ,” ಎಂದಳು. ಮರುಕ್ಷಣವೇ ಕೈ ಗಂಟಿನತ್ತ ಹೋಯಿತು. ಆ ಹನ್ನೊಂದು ಮಂದಿ ಇವಳಿಗೇನು ಕೆಟ್ಟದ್ದು ಮಾಡಿದ್ದರು, ಅವರೂ ಯಾರದೋ ಹೊಟ್ಟೆಯ ಮಕ್ಕಳು. ಆದರೂ ಗಂಟು ಬಿಚ್ಚಲಿಲ್ಲ, ಇನ್ನೊಂದು ಗಂಟು ಹಾಕಿದಳು.

ನಾಲ್ಕು ದಿನಕ್ಕೆ ಪತ್ರ ಬಂತು. ಗುರುಲಿಂಗಯ್ಯ ಚಹಾ ಕುಡಿದ, ಚಷ್ಮಾ ಒರೆಸಿದ, ಇನ್ನೊಮ್ಮೆ ಒರೆಸಿದ. ಎದುರಾಳಿಗಳ ಊರಲ್ಲಿ ಒಂದೊಂದು ಗೋಲು, ಸಮ. ತನ್ನೂರಲ್ಲಿ ಎರಡು ಗೋಲಿನಿಂದ ಸೋಲು. ಊರಿಗೂರೇ ಅತ್ತಿತು, ಮೇಸ್ತ್ರಿ ಎರಡು ದಿನ ಉಣ್ಣಲಿಲ್ಲ, ಮೇ ತಿಂಗಳ ಕೊನೆಗೆ ಟಿಕೀಟು ಆಗಿದೆ, ಬೊಂಬಾಯಿ ಗಾಡಿಗೆ ಬರುತ್ತೇನೆ. ದಸ್ತಗೀರ ಹಣೆ ಹಿಡಿದುಕೊಂಡು ಕೂತ. ಪರದೆಯ ಹಿಂದೆ ರಶೀದಾ ಗೋಡೆಗೆ ಆತುಕೊಂಡಳು.

ಎಲ್ಲರಿಗೂ ಸಲಾಂ ಓದಿಯಾದ ಮೇಲೆ ಗುರುಲಿಂಗಯ್ಯ ಹಾಳೆಯ ಬುಡ ನೋಡಿದ. ತುಟಿ ಅಲುಗಿತು, ದನಿ ಬರಲಿಲ್ಲ. ಪತ್ರ ಮಡಿಚಿದ.

“ಕೆಳಗ ಶಾಯಿ ಚೆಲ್ಯಾದ, ನನಗ ಓದಾಕ ಬರವಲ್ದು. ಜೈತುನವ್ವಾ, ಇದನ್ನ ಒಳಗ ಸೊಸಿ ಕೈಯಾಗ ಕೊಡ್ರಿ, ಜ್ವಾಪಾನ ಇಟ್ಟುಕೊಳ್ಳಲಿ.”

ಒಳಗೆ ಬಂದು ರಶೀದಾ ಹಾಳೆ ಬಿಡಿಸಿದಳು. ಶಾಯಿ ಎಲ್ಲೂ ಚೆಲ್ಲಿರಲಿಲ್ಲ. ಬುಡದಲ್ಲಿ ಐದು ಸಾಲು, ಒತ್ತೊತ್ತಾಗಿ, ಸ್ವಚ್ಛವಾಗಿ. ಅವು ತನ್ನವು ಎಂದು ಅವಳಿಗೆ ಆಗಲೇ ತಿಳಿಯಿತು. ಪಕ್ಕದ ಮನೆಯ ಅಮೃತಮ್ಮನಿಗೆ ಓದು ಬರುತ್ತಿತ್ತು, ಒಂದು ಮಾತು ಕೇಳಿದ್ದರೆ ಓದಿಬಿಡುತ್ತಿದ್ದಳು. ಎರಡು ಸಲ ಅವಳ ಬಾಗಿಲ ತನಕ ಹೋಗಿ ತಿರುಗಿ ಬಂದಳು. ಹತ್ತು ತಿಂಗಳಲ್ಲಿ ತನಗೆಂದು ಬಂದದ್ದು ಇಷ್ಟೇ, ಇದೂ ಇನ್ನೊಬ್ಬರ ಬಾಯಿಂದ ಬರುವುದು ಬೇಡವಾಗಿತ್ತು. ಇಪ್ಪತ್ತಮೂರು ದಿನ ಆ ಸಾಲುಗಳ ಮೇಲೆ ಬೆರಳಾಡಿಸಿದಳು, ಬೆವರಿಗೆ ಹಾಳೆಯ ಅಂಚು ಮೆತ್ತಗಾಯಿತು.

ಚಾಂದ ಬಂದ. ಮಂದಿ ಬಂದು ಹೋಗಿ, ಅಪ್ಪನಿಗೆ ಸೋಲಿನ ಕತೆಯನ್ನು ಮೂರು ಸಲ ಹೇಳಿ, ಮರುದಿನ ಮಧ್ಯಾಹ್ನ ಮನೆಯವರೆಲ್ಲ ಅಡ್ಡಾದ ಮೇಲೆ ಅವನು ಕೋಣೆಗೆ ಬಂದರೆ, ಹಸಿರು ಸೀರೆಯುಟ್ಟ ಹೆಂಡತಿ ನೀರು ಕೊಡಲಿಲ್ಲ, ಹಾಳೆ ಮುಂದೆ ಹಿಡಿದಳು.

“ಓದ್ರಿ.”

“ಗುರುಲಿಂಗಯ್ಯನೋರು ಓದಲಿಲ್ಲೇನು?”

“ನೀವು ಓದ್ರಿ.”

ಚಾಂದನ ಕಿವಿ ಕೆಂಪಾಯಿತು. ಮೆಲ್ಲಗೆ ಓದಿದ. ‘ರಶೀದಾ, ಆ ದಿನ ನಾನು ಮೈದಾನಕ್ಕೆ ಹೋಗಲೇ ಇಲ್ಲ. ಜ್ವರ ಎಂದು ಸುಳ್ಳು ಹೇಳಿ ಕೋಣೆಯಲ್ಲಿ ಕೂತೆ. ಮೇಸ್ತ್ರಿ ಮೂರು ಸಲ ಬಂದು ಬಾಗಿಲು ಬಡಿದ, ತೆರೆಯಲಿಲ್ಲ. ಅವರು ಸೋತು ಅಳುವಾಗ ನಾನು ಪೆಟ್ಟಿಗೆ ತುಂಬುತ್ತಿದ್ದೆ. ನನಗೆ ಅವರ ಕಪ್ಪು ಬೇಡ, ನಿನ್ನ ಬಿಟ್ಟು ಇರಲಿಕ್ಕೆ ಆಗವಲ್ಲದು.’

ರಶೀದಾ, “ಸೋಲಲಿ ಅಂತ ನಾನೂ ಹರಕಿ ಹೊತ್ತೀನಿ,” ಎಂದಳು.

“ಯಾವತ್ತು?”

“ಈ ಪತ್ರ ಬಂದು ಇಪ್ಪತ್ತಮೂರು ದಿನ ಆತು, ಅದಕ್ಕಿಂತ ನಾಕು ದಿನ ಮೊದಲ.”

ಚಾಂದ ಬೆರಳು ಮಡಿಚಿ ಎಣಿಸಿ ನಕ್ಕ. “ಅಷ್ಟೊತ್ತಿಗೆ ಸೋತು ಹದಿನೈದು ದಿನ ಆಗಿತ್ತು.”

“ಆಗಿರಲಿ. ಚಾದರ ಹೊಚ್ಚೂದೇ.” ಅವಳು ಹಾಳೆಯನ್ನು ಅವನ ಮಂಡಿಯ ಮೇಲೆ ಹರಡಿದಳು. “ಶುರುವಿಗೆ ಏನೋ ಓದಿದ್ರಲ್ಲ, ಅದು ಎಲ್ಲದ ತೋರಸ್ರಿ.”

ಅವನು ಅವಳ ಬೆರಳು ಹಿಡಿದು ಮೊದಲ ಮೂರು ಅಕ್ಷರದ ಮೇಲೆ ಇಟ್ಟ. ಆ ಮನೆಯಲ್ಲಿ ಅವಳು ಸೊಸೆ, ಅತ್ತಿಗೆ, ಆಕಿ. ಹೆಸರು ಹಿಡಿದು ಕರೆದವರು ಯಾರೂ ಇರಲಿಲ್ಲ. ಇಪ್ಪತ್ತಮೂರು ದಿನ ದಿನವೂ ಮುಟ್ಟಿದ್ದು ತನ್ನದೇ ಹೆಸರನ್ನು ಎಂದು ರಶೀದಾಗೆ ಆಗ ಗೊತ್ತಾಯಿತು.